ಸೈಟ್ ಚೆನ್ನಾಗಿದೆ ಸರಿ, ಅದ್ರಿಂದ ಎಷ್ಟು ಫೋನ್ ಬರ್ತಿದೆ?

ಸಣ್ಣ ವ್ಯಾಪಾರದೋರಿಗೆ ಅವರ ವೆಬ್‌ಸೈಟ್ ನೋಡಿ ಹೇಳೋದು ನನ್ನ ಕೆಲಸ. ಎಲ್ರೂ ಶುರು ಮಾಡೋದು ಒಂದೇ ಥರ, "ನಮ್ ಸೈಟ್ ಹೇಗಿದೆ ನೋಡಿ ಸಾರ್, ಕಲರ್ ಬದಲಾಯಿಸ್ಬೇಕಾ?" ನಾನು ಆಗ ಸೈಟ್ ಓಪನ್ನೇ ಮಾಡಲ್ಲ. ಸೈಟಿಗೆ ಬಂದೋರು ಏನು ಮಾಡಿದ್ರೆ ನಿಮಗೆ ಲಾಭ, ಫೋನ್ ಮಾಡ್ಬೇಕಾ, ವಾಟ್ಸಾಪ್ ಮೆಸೇಜ್ ಹಾಕ್ಬೇಕಾ, ನೇರ ಅಂಗಡಿಗೆ ಬರ್ಬೇಕಾ ಅಂತ ಕೇಳ್ತೀನಿ. "ಎಲ್ಲಾನೂ" ಅಂತಾರೆ. ಎಲ್ಲಾನೂ ಅಂದ್ರೆ ಅಳೆಯಕ್ಕಾಗಲ್ಲ, ಒಂದು ಆರಿಸ್ಕೊಳ್ಳಿ ಅಂತ ಕೂತ್ಕೋತೀನಿ. ಇದಕ್ಕೇ ಅರ್ಧ ಗಂಟೆ ಹೋಗತ್ತೆ, ಆದ್ರೆ ಇದು ಇತ್ಯರ್ಥ ಆಗ್ದೆ ಮುಂದಿನದ್ದು ಯಾವ್ದೂ ಉಪಯೋಗ ಇಲ್ಲ.

ಆಮೇಲೆ ಅವರ ವ್ಯಾಪಾರದ ಗಂಧಗಾಳಿ ಇಲ್ದಿರೋ ಯಾರಿಗಾದ್ರೂ ಮೊಬೈಲ್ ಕೊಟ್ಟು "ಇವರಿಗೆ ಫೋನ್ ಮಾಡ್ಬೇಕು, ನಂಬರ್ ಹುಡುಕಿ" ಅಂತೀನಿ, ಓನರ್ ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡ್ಬೇಕು ಅಷ್ಟೇ. ಬಾಯಿ ಮುಚ್ಕೊಂಡಿರೋದೇ ಅವರಿಗೆ ಕಷ್ಟ, "ಅಲ್ಲೇ ಇದೆಯಲ್ಲ, ಕೆಳಗೆ!" ಅಂತ ಕೈ ಹೋಗೇಬಿಡತ್ತೆ. ಬರೋ ಗಿರಾಕಿ ಪಕ್ಕದಲ್ಲಿ ಅವರು ಕೂತಿರಲ್ವಲ್ಲ. ದೊಡ್ಡ ಸ್ಯಾಂಪಲ್ ಏನೂ ಬೇಕಾಗಲ್ಲ, ಐದು ಜನರ ಹತ್ರ ಮಾಡಿಸಿದ್ರೆ ಹೆಚ್ಚಿನ ತೊಂದ್ರೆಗಳು ಕಾಣತ್ತೆ ಅಂತ ವೆಬ್‌ಸೈಟ್ ಬಳಸೋದು ಎಷ್ಟು ಸುಲಭ ಅಂತ ಅಳೆಯೋ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ರು.

ಫಾರ್ಮ್ ಇದ್ರೆ ನಾನೇ ತುಂಬಿ ಕಳಿಸಿ ನೋಡ್ತೀನಿ. ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರತ್ತೆ, ಇಲ್ಲಾಂದ್ರೆ ಕೆಲಸ ಬಿಟ್ಟು ಹೋದೋರ ಐಡಿಗೆ ಹೋಗ್ತಿರತ್ತೆ. ಡಿಸೈನ್ ಬದಲಾಯಿಸೋ ಮಾತು ಆಮೇಲೆ.

ಇನ್ನು ಅಂಕಿ ಅಂಶ. ಸೈಟಿಗೆ ಎಷ್ಟು ಜನ ಬಂದ್ರು, ಏನು ಮಾಡಿದ್ರು ಅಂತ ಎಣಿಸೋ ಗೂಗಲ್ ಅನಾಲಿಟಿಕ್ಸ್ ಹಾಕಿಸಿರ್ತಾರೆ, ತೆಗೆದು ಸಾವಿರ ವಿಸಿಟ್ ಇದೆ ನೋಡಿ ಅಂತ ತೋರಿಸ್ತಾರೆ. ಅದ್ರಲ್ಲಿ ಅವರು, ಅವರ ಸ್ಟಾಫು, ಸೈಟ್ ಮಾಡಿದ ಹುಡುಗ ಎಲ್ಲಾ ಸೇರಿರ್ತಾರೆ, ಮೊದಲು ಆ ಓಡಾಟಾನ ಫಿಲ್ಟರ್ ಹಾಕಿ ತೆಗೀಬೇಕು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರಲ್ಲ, ಫೋನ್ ನಂಬರ್ ಒತ್ತಿದ್ದನ್ನ ಜಿಎ4 (ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿ) ತಾನಾಗೇ ಲೆಕ್ಕ ಹಾಕಲ್ಲ, ಟ್ಯಾಗ್ ಮ್ಯಾನೇಜರ್‌ನಲ್ಲಿ (ಇಂಥ ಎಣಿಕೆ ಜೋಡಿಸೋ ಗೂಗಲ್ ಟೂಲ್) ಅದಕ್ಕೆ ಒಂದು ಈವೆಂಟ್, ಅಂದ್ರೆ ಎಣಿಸೋ ಒಂದು ಕ್ರಿಯೆ, ಮಾಡಿ ಜಿಎ4ನಲ್ಲಿ ಅದನ್ನ ಕೀ ಈವೆಂಟ್, ಅಂದ್ರೆ ವ್ಯಾಪಾರಕ್ಕೆ ಮುಖ್ಯವಾದದ್ದು, ಅಂತ ಗುರುತು ಹಾಕ್ಬೇಕು (2024ಕ್ಕೆ ಮುಂಚೆ ಇದನ್ನೇ ಕನ್ವರ್ಷನ್ ಅಂತಿದ್ರು). ಅದು ಆದ್ಮೇಲೇ ನಿಜವಾದ ಲೆಕ್ಕ ಶುರು, ನೂರು ಜನ ಬಂದ್ರೆ ಎಷ್ಟು ಜನ ನಂಬರ್ ಒತ್ತಿದ್ರು ಅನ್ನೋದು.

ಬೌನ್ಸ್ ರೇಟ್ ನೋಡಿ ಗಾಬರಿ ಬೀಳೋರು ಬಹಳ. ಜಿಎ4ನಲ್ಲಿ ಹತ್ತು ಸೆಕೆಂಡ್ ದಾಟದೆ, ಎರಡನೇ ಪೇಜ್ ನೋಡದೆ, ಕೀ ಈವೆಂಟೂ ಆಗದೆ ಹೋದ್ರೆ ಅದು ಬೌನ್ಸ್, ನೂರು ಭೇಟಿಲಿ ಅಂಥವು ಎಷ್ಟು ಅನ್ನೋದೇ ಬೌನ್ಸ್ ರೇಟ್. ಈಗ ಒಬ್ರು ಬಂದು ನಿಮ್ ಅಂಗಡಿ ಎಷ್ಟೊತ್ತಿಗೆ ತೆಗಿಯತ್ತೆ ಅಂತ ನೋಡಿ ತಕ್ಷಣ ಸೈಟ್ ಮುಚ್ಚಿ ಅಂಗಡಿಗೆ ಹೊರಟು ಬಂದ್ರು ಅಂದ್ಕೊಳ್ಳಿ, ಅದೂ ಬೌನ್ಸೇ, ಆದ್ರೆ ವ್ಯಾಪಾರ ಆಯ್ತಲ್ಲ! ಅದಕ್ಕೇ ನಾನು ಈ ನಂಬರನ್ನ ಅಷ್ಟಾಗಿ ತಲೆಗೆ ಹಚ್ಕೊಳ್ಳಲ್ಲ.

ನನಗೆ ಇಷ್ಟ ಆಗೋದು ಗೂಗಲ್‌ನ ಸರ್ಚ್ ಕನ್ಸೋಲ್. ಜನ ಏನಂತ ಟೈಪ್ ಮಾಡಿ ನಿಮ್ಮನ್ನ ಕಂಡ್ರು ಅಂತ ಅದ್ರಲ್ಲಿ ಗೊತ್ತಾಗತ್ತೆ. ಬರೀ ಅಂಗಡಿ ಹೆಸರೇ ಇದ್ರೆ ಆಗ್ಲೇ ಗೊತ್ತಿರೋರು ಮಾತ್ರ ಬರ್ತಿದಾರೆ ಅಂತ ಅರ್ಥ, ಸೈಟ್ ಹೊಸಬ್ರನ್ನ ತರ್ತಿಲ್ಲ. ನೀವು ಮಾಡೋ ಕೆಲಸದ ಹೆಸರಲ್ಲಿ ಸಾಕಷ್ಟು ಸಲ ಕಾಣಿಸ್ಕೊಂಡಿದೆ ಆದ್ರೆ ಕ್ಲಿಕ್ ಇಲ್ಲ ಅಂದ್ರೆ, ಎಷ್ಟನೇ ಜಾಗದಲ್ಲಿ ಕಾಣ್ತಿದೀರ ನೋಡಿ, ಮೇಲೇ ಇದ್ರೂ ಒತ್ತಿಲ್ಲ ಅಂದ್ರೆ ಸರ್ಚಲ್ಲಿ ಕಾಣೋ ಪೇಜಿನ ಟೈಟಲ್ ತಿದ್ದಿ.

ಸ್ಪೀಡ್ ಬಗ್ಗೆ ಜಾಸ್ತಿ ಹೇಳಲ್ಲ. ಗೂಗಲ್‌ನ ಸ್ಪೀಡ್ ಅಳೆಯೋ ಟೂಲ್ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಟ್ಯಾಬ್ ನೋಡಿ, ಎಲ್‌ಸಿಪಿ (ಪೇಜಲ್ಲಿ ಎಲ್ಲಕ್ಕಿಂತ ದೊಡ್ಡ ಫೋಟೋ ಅಥವಾ ಬರಹ ಕಾಣಕ್ಕೆ ಹಿಡಿಯೋ ಹೊತ್ತು) 2.5 ಸೆಕೆಂಡ್ ಒಳಗಿದ್ರೆ ಸಾಕು, ನೂರಕ್ಕೆ ನೂರು ಸ್ಕೋರ್ ಬರ್ಲಿ ಅಂತ ಯಾರಿಗೂ ದುಡ್ಡು ಕೊಡ್ಬೇಡಿ. ಹೆಚ್ಚಿನ ಸಲ ಮೊದಲನೇ ಫೋಟೋ ಸೈಜ್ ಕಮ್ಮಿ ಮಾಡಿದ್ರೆ ಮುಗೀತು.

ಇಷ್ಟೆಲ್ಲ ಮಾಡಿದ್ರೂ ಒಂದು ತೂತು ಉಳಿಯತ್ತೆ. ಗೂಗಲ್ ಸರ್ಚಲ್ಲಿ, ಮ್ಯಾಪಲ್ಲಿ ಕಾಣೋ ಅಂಗಡಿ ವಿವರ, ಅಂದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ನೇರ ಕಾಲ್ ಒತ್ತಿದೋರು ಸೈಟಿಗೇ ಬಂದಿರಲ್ಲ, ವಾಟ್ಸಾಪಲ್ಲಿ ಲಿಂಕ್ ಸಿಕ್ಕಿ ಬಂದೋರು ಅನಾಲಿಟಿಕ್ಸಲ್ಲಿ ಬಹುತೇಕ "ಡೈರೆಕ್ಟ್" (ಎಲ್ಲಿಂದ ಬಂದ್ರೋ ಗೊತ್ತಿಲ್ಲ) ಅಂತ ಬಿದ್ದಿರ್ತಾರೆ. ಹಾಗಾಗಿ ನೀವು ಕಳ್ಸೋ ಲಿಂಕಿಗೆ ಯುಟಿಎಂ (ಎಲ್ಲಿಂದ ಬಂದ್ರು ಅಂತ ತಿಳಿಸೋಕೆ ಲಿಂಕಿನ ಕೊನೆಗೆ ಸೇರಿಸೋ ಗುರುತು) ಹಾಕಿ, ಮತ್ತೆ ಫೋನ್ ಹತ್ರ ಒಂದು ನೋಟ್‌ಬುಕ್ ಇಡಿ, ಫೋನ್ ಎತ್ತೋರು "ನಮ್ ಬಗ್ಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ ಬರ್ಕೊಳ್ಳಿ. ತಿಂಗಳ ಕೊನೆಗೆ ಆ ನೋಟ್‌ಬುಕ್ಕನ್ನೂ ಅನಾಲಿಟಿಕ್ಸನ್ನೂ ಅಕ್ಕಪಕ್ಕ ಇಟ್ಟು ನೋಡ್ತೀನಿ, ಎರಡೂ ತಾಳೆ ಆಗ್ದೆ ಇದ್ರೆ ನಾನು ನಂಬೋದು ನೋಟ್‌ಬುಕ್ಕನ್ನ.

ಹೋಲಿಸೋದಾದ್ರೆ ಹೋದ ತಿಂಗಳಿಗಲ್ಲ, ಹೋದ ವರ್ಷದ ಇದೇ ತಿಂಗಳಿಗೆ, ಯಾಕಂದ್ರೆ ವ್ಯಾಪಾರಕ್ಕೆ ಸೀಸನ್ ಇರತ್ತೆ. ಸರ್ಚ್ ಕನ್ಸೋಲ್ 16 ತಿಂಗಳ ಡೇಟಾ ಇಟ್ಕೊಂಡಿರತ್ತೆ. ಜಿಎ4ನ ಎಕ್ಸ್‌ಪ್ಲೋರೇಷನ್ ರಿಪೋರ್ಟ್‌ಗೆ (ನಾವೇ ಬೇಕಾದ ಹಾಗೆ ಜೋಡಿಸ್ಕೊಳ್ಳೋ ರಿಪೋರ್ಟ್) ಮಾತ್ರ ಡೇಟಾ ಉಳಿಯೋದಕ್ಕೆ ಮೊದಲೇ ಸೆಟ್ ಆಗಿರೋದು ಎರಡೇ ತಿಂಗಳು, ಸೆಟ್ಟಿಂಗ್ಸ್‌ಗೆ ಹೋಗಿ 14 ತಿಂಗಳಿಗೆ ಬದಲಾಯಿಸಿ, ಇವತ್ತೇ ಮಾಡಿ, ಅಳಿಸಿ ಹೋಗಿದ್ದು ವಾಪಸ್ ಬರಲ್ಲ.