ಉಪಚಾರದ ಮನೆಯಲ್ಲಿ ಭಯ: ಒಂದು ಕಥೆ ಬರೆದ ಬಗೆ

ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕನೊಬ್ಬ ಅಪರಿಚಿತರ ಮನೆಯಲ್ಲಿ ಕಳೆಯುವ ರಾತ್ರಿಯ ಕಥೆಯನ್ನು ಬರೆಯಲು ಕುಳಿತಾಗ, ಆ ಮನೆಯವರು ಕೊನೆಯವರೆಗೂ ಒಂದೇ ಒಂದು ಒರಟು ಮಾತನ್ನೂ ಆಡಬಾರದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಚಾರ್ಮಾಡಿ ಘಾಟಿಯನ್ನು ಆರಿಸಿಕೊಂಡೆ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವ ಆ ರಸ್ತೆಯಲ್ಲಿ 2019ರ ಆಗಸ್ಟ್ ಮಳೆಗೆ ಹಲವೆಡೆ ಗುಡ್ಡ ಜರಿದು ಸಂಚಾರವೇ ನಿಂತಿತ್ತು; ಹಿಂದೆಯೂ ಮುಂದೆಯೂ ಮಣ್ಣು ಕುಸಿದು ಕಾರು ನಡುವೆ ಉಳಿಯಿತೆಂದರೆ ನಮ್ಮ ಓದುಗರು ಪುರಾವೆ ಕೇಳುವುದಿಲ್ಲ. ಸಿಗ್ನಲ್ ಇಲ್ಲದ್ದಕ್ಕೂ ಕರೆಂಟು ಹೋದದ್ದಕ್ಕೂ ವಿವರಣೆ ಬೇಕಾಗಲಿಲ್ಲ.

ಹೆಚ್ಚು ಸಮಯ ಹಿಡಿದದ್ದು ಮನೆಯೊಳಗಿನ ಭಾಗ. ಮಲೆನಾಡಿನಲ್ಲಿ ನೆನೆದು ಬಂದವನಿಗೆ ಮೊದಲು ಹಂಡೆಯ ಬಿಸಿನೀರು, ಆಮೇಲೆ ಒಣಬಟ್ಟೆ, ಆಮೇಲೆ ಊಟ. ಈ ಕ್ರಮವನ್ನೇ ಕಥೆಯ ಹಂದರ ಮಾಡಿಕೊಂಡೆ. ಅವನು ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಮನೆಯ ಅಮ್ಮ ಅವನ ಒದ್ದೆ ಬಟ್ಟೆಗಳನ್ನು ಒಲೆಯ ಬಳಿ ಒಣಹಾಕಲು ಒಯ್ದಿರುತ್ತಾರೆ. ಪರ್ಸು, ಕಾರಿನ ಕೀಲಿ ಎಲ್ಲವೂ ಆ ಜೇಬಿನಲ್ಲೇ ಇವೆ. ಬೇರೆಯವರ ಪಂಚೆ ಉಟ್ಟು, ಬೇರೆಯವರ ಕಂಬಳಿ ಹೊದ್ದು ಕುಳಿತವನು ಅವುಗಳನ್ನು ತಂದುಕೊಡಿ ಎಂದರೆ ಉಪಕಾರ ಮಾಡಿದವರನ್ನು ಕಳ್ಳರೆಂದಂತಾಗುತ್ತದೆ. ಕೇಳದೆ ಸುಮ್ಮನಿದ್ದರೆ ನಿದ್ದೆ ಬರುವುದಿಲ್ಲ. ನನಗೆ ಬೇಕಿದ್ದ ಭಯ ಈ ದಾಕ್ಷಿಣ್ಯದಲ್ಲಿತ್ತು. ಕತ್ತಿ, ರಕ್ತ, ಬೀಗ ಜಡಿದ ಕೋಣೆ ಇವೆಲ್ಲ ಓದುಗರನ್ನು ಬೆಚ್ಚಿಬೀಳಿಸಬಹುದು, ಆದರೆ ಅವು ಬಂದ ಕ್ಷಣದಲ್ಲೇ ಯಾರು ಕೆಟ್ಟವರೆಂಬ ಅನುಮಾನ ಬಗೆಹರಿದು ಮನಸ್ಸು ಹಗುರಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಂಭಾಷಣೆಗೆ ಹೊಸದೇನನ್ನೂ ಹುಡುಕಬೇಕಾಗಲಿಲ್ಲ. ಯಾವ ಊರು, ಮದುವೆ ಆಗಿದೆಯೇ, ಹೊರಟದ್ದು ಮನೆಯಲ್ಲಿ ಗೊತ್ತಿದೆಯೇ ಎಂದು ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳುತ್ತಾರೆ. (ನಾನೂ ಕೇಳುತ್ತೇನೆ.) ಅದೇ ಪ್ರಶ್ನೆಗಳನ್ನು ಮನೆಯ ಯಜಮಾನರು ಅಡಿಕೆ ಕತ್ತರಿಸುತ್ತ ಒಂದೊಂದಾಗಿ ಕೇಳುವಾಗ, ತಾನು ಇಲ್ಲಿರುವುದು ಯಾರಿಗೂ ತಿಳಿದಿಲ್ಲವೆಂಬುದನ್ನು ಪ್ರಯಾಣಿಕ ತಾನಾಗಿಯೇ ಬಿಟ್ಟುಕೊಡುತ್ತಾನೆ. “ಈ ಮಳೆಯಲ್ಲಿ ಎಲ್ಲಿಗೆ ಹೋಗ್ತೀರಿ?” ಎಂಬ ಮಾತನ್ನು ಅಕ್ಷರವೂ ಬದಲಾಗದಂತೆ ಮೂರು ಕಡೆ ಇಟ್ಟೆ: ಬಾಗಿಲಲ್ಲಿ, ಊಟದ ಹೊತ್ತಿನಲ್ಲಿ, ಮತ್ತು ನಡುರಾತ್ರಿ ಅವನು ಮೆಲ್ಲಗೆ ಚಿಲಕ ತೆಗೆಯುವಾಗ ಹಿಂದಿನ ಕತ್ತಲಿನಿಂದ.

ನಿರೂಪಣೆಗೆ ‘ನಾನು’ ಹೊಂದುತ್ತಿರಲಿಲ್ಲ, ಏಕೆಂದರೆ ಕಥೆ ಹೇಳುತ್ತಿರುವವನು ಬದುಕಿ ಬಂದಿದ್ದಾನೆಂದು ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ‘ಅವನು’ ಎಂದೇ ಬರೆದು, ಅವನಿಗೆ ಕಾಣದ ಯಾವುದನ್ನೂ ಓದುಗರಿಗೂ ತೋರಿಸಲಿಲ್ಲ.

ಅಂತ್ಯದಲ್ಲಿ ಅವನಿಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಒಣಗಿದ ಬಟ್ಟೆ, ಕೀಲಿ, ಹಣ ಎಲ್ಲವೂ ಕೈಸೇರುತ್ತವೆ, ಕೊಡಲು ಹೋದ ನೋಟುಗಳನ್ನು ಯಜಮಾನರು ಮುಟ್ಟುವುದಿಲ್ಲ. ಕರಡು ಓದಿದ ಗೆಳೆಯರೊಬ್ಬರು ಇದರಿಂದ ಕಥೆ ಸಪ್ಪೆಯಾಯಿತೆಂದರು. ನಾನು ಬದಲಾಯಿಸಲಿಲ್ಲ, ರಾತ್ರಿಯ ಆ ಮಾತು ಬೆದರಿಕೆಯೋ ಕಾಳಜಿಯೋ ಎಂದು ತೀರ್ಮಾನಿಸುವ ದಾರಿ ಅವನಿಗೂ ಓದುಗರಿಗೂ ಉಳಿಯದಿರುವುದು ಆ ಅಂತ್ಯದಿಂದ ಮಾತ್ರ ಸಾಧ್ಯವಿತ್ತು.