ರಾಕ್ಷಸನ ಮೈಬಣ್ಣ

ನಾನು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ಶನಿವಾರ ಮಧ್ಯಾಹ್ನ, ಮೂರು ವರ್ಷದಿಂದ ಆರು ವರ್ಷದವರೆಗಿನ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕಥೆ ಓದುತ್ತೇನೆ. ಊರಿನ ಮಕ್ಕಳೊಂದಿಗೆ ಪಕ್ಕದ ಲಂಬಾಣಿ ತಾಂಡಾದಿಂದಲೂ ಏಳೆಂಟು ಮಕ್ಕಳು ಬರುತ್ತಾರೆ.

ಮೊದಲ ವರ್ಷ ಒಮ್ಮೆ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ, "ಇವನ್ಯಾರು ಹೇಳಿ ನೋಡೋಣ" ಎಂದಾಗ, ಮುಂದೆ ಕುಳಿತ ಇಬ್ಬರು, ತಾಂಡಾದ ಹುಡುಗನೊಬ್ಬನ ಹೆಸರು ಹೇಳಿ ನಕ್ಕರು. ಚಿತ್ರದಲ್ಲಿದ್ದವನು ರಾಕ್ಷಸ. ಆ ಪುಟದಲ್ಲಿ ಕಪ್ಪಗಿದ್ದವನು ಅವನೊಬ್ಬನೇ. ರಾಜ, ರಾಣಿ, ಅಡುಗೆಯವಳವರೆಗೆ ಉಳಿದವರೆಲ್ಲ ಗುಲಾಬಿ ಕೆನ್ನೆಯವರು. ಹುಡುಗ ಅಳಲಿಲ್ಲ, ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡ. ನಾನು "ಹಾಗೆಲ್ಲ ಅನ್ನಬಾರದು" ಎಂದು ಗದರಿ ಪುಟ ಮಗುಚಿದೆ. ಗದರಬೇಕಾದದ್ದು ಪುಸ್ತಕ ಆರಿಸಿದವಳನ್ನು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು, 1985ರಲ್ಲಿ ಅಲ್ಲಿ ಪ್ರಕಟವಾದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರು ಬರೆದ ಅಥವಾ ಚಿತ್ರಿಸಿದವು 18 ಮಾತ್ರ ಎಂದು ಎಣಿಸಿದ್ದರು. ಅದನ್ನು ಓದಿದ ಮೇಲೆ ನಾನೂ ಕಪಾಟಿನೆದುರು ಕುಳಿತೆ. ಆದರೆ ನಾನು ನೋಡಿದ್ದು ಬರೆದವರನ್ನಲ್ಲ, ಪುಟದೊಳಗಿನ ಕಪ್ಪು ಮೈಯವರು ಏನು ಮಾಡುತ್ತಿದ್ದಾರೆ ಎಂಬುದನ್ನು. ಹೆಚ್ಚಿನವರು ಮೂಟೆ ಹೊರುತ್ತಿದ್ದರು, ಇಲ್ಲವೇ ಯಾರನ್ನೋ ಹೆದರಿಸುತ್ತಿದ್ದರು. ಅಂಥ ಪುಸ್ತಕಗಳನ್ನು ಎಸೆಯಲಿಲ್ಲ (ದಾಸ್ತಾನು ವಹಿಯಲ್ಲಿರುವುದನ್ನು ಎಸೆಯುವಂತೆಯೂ ಇಲ್ಲ), ಚಿಕ್ಕವರ ಚಾಪೆಗೆ ತರುವುದನ್ನು ಬಿಟ್ಟೆ. ಬದಲಿಗೆ, ಮುಕ್ತ ಪರವಾನಗಿಯಲ್ಲಿ ಸಿಗುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದ ಕಥೆಗಳಲ್ಲಿ, ಕಪ್ಪು ಮಗುವೊಂದು ಸುಮ್ಮನೆ ತುಂಟತನ ಮಾಡಿಕೊಂಡಿರುವ, ಬಣ್ಣದ ಮಾತನ್ನೇ ಎತ್ತದ ಕಥೆಗಳನ್ನು ಹುಡುಕಿ ಮುದ್ರಿಸಿಕೊಂಡೆ.

ಇನ್ನೊಂದು ತಪ್ಪನ್ನೂ ಮಾಡಿದೆ. "ನಿಮ್ಮ ಭಾಷೆಯಲ್ಲಿ ಅಮ್ಮನಿಗೆ ಏನಂತೀರಿ?" ಎಂದು ಎಲ್ಲರೆದುರು ಅದೇ ಹುಡುಗನನ್ನು ಕೇಳಿದೆ, ಅವನು ತಲೆ ತಗ್ಗಿಸಿದ. ಮುಂದಿನ ವಾರ, ಅವನನ್ನು ಕರೆದೊಯ್ಯಲು ಬಂದ ಅಜ್ಜಿಯನ್ನು ಬಾಗಿಲಲ್ಲಿ ಕೇಳಿ "ಯಾಡಿ" ಎಂದು ಕಲಿತೆ. ಈಗ ಯಾವುದೇ ಕಥೆಯಲ್ಲಿ ತಾಯಿ ಬಂದರೂ ಒಮ್ಮೆ ಅಮ್ಮ, ಒಮ್ಮೆ ಯಾಡಿ, ಒಮ್ಮೆ ಅಮ್ಮಿ ಎನ್ನುತ್ತೇನೆ. ಯಾರನ್ನೂ ಎದ್ದು ನಿಲ್ಲಿಸುವುದಿಲ್ಲ. ನನ್ನ ಉಚ್ಚಾರವನ್ನು ತಿದ್ದಲು ಮಾತ್ರ ತಾಂಡಾದ ಮಕ್ಕಳು ತಾವಾಗಿಯೇ ಏಳುತ್ತಾರೆ.

ಕಥೆಯ ನಂತರ ಚಿತ್ರ ಬಿಡಿಸುವಾಗ ಮಕ್ಕಳೆಲ್ಲ "ಸ್ಕಿನ್ ಕಲರ್ ಕೊಡಿ ಮಿಸ್" ಎಂದು ತಿಳಿ ಗುಲಾಬಿ ಬಳಪಕ್ಕೇ ಕೈಚಾಚುತ್ತಿದ್ದರು. "ಯಾರ ಸ್ಕಿನ್ನು?" ಎಂದು ಕೇಳಿ, ಡಬ್ಬಿಯ ಪಕ್ಕ ಕೈ ಇಟ್ಟು ನೋಡಲು ಹೇಳತೊಡಗಿದೆ. ಆ ಹುಡುಗ ಮೂರು ಕಂದು ಬಳಪಗಳನ್ನು ಮಣಿಕಟ್ಟಿನ ಮೇಲೆ ಗೀಚಿ, ಮೂರೂ ಸರಿಯಿಲ್ಲವೆಂದು ವಾಪಸು ಕೊಟ್ಟ. ಆಮೇಲೆ ಒಂದನ್ನು ಮರಳಿ ಕೇಳಿ, ಅದರ ಮೇಲೆ ಕಿತ್ತಳೆ ತೀಡಿಕೊಂಡ.