42 ಜನಕ್ಕೆ ಬಿಸಿಬೇಳೆಭಾತ್

ಎಂಟು ವರ್ಷದಿಂದ ನಾವು ಉತ್ತರ ಕ್ಯಾಲಿಫೋರ್ನಿಯಾದ ಒಂದು ಕೋಹೌಸಿಂಗ್‌ನಲ್ಲಿ ಇದ್ದೇವೆ. ಒಟ್ಟು 28 ಮನೆ. ಊರಿಗೆ ಫೋನ್ ಮಾಡಿದಾಗ "ಅಂದ್ರೆ ಆಶ್ರಮದ ಥರಾನಾ?" ಅಂತ ಈಗಲೂ ಕೇಳುತ್ತಾರೆ. ಅಲ್ಲ. ಮನೆ ನಮ್ಮ ಹೆಸರಲ್ಲಿದೆ, ಸಾಲ ನಾವೇ ಕಟ್ಟುತ್ತೇವೆ, ಅಡುಗೆಮನೆ, ಬಚ್ಚಲು, ಬೀಗದಕೈ ಎಲ್ಲ ನಮ್ಮದೇ. ಇದರ ಜೊತೆಗೆ ಎಲ್ಲರಿಗೂ ಸೇರಿದ ಕಾಮನ್ ಹೌಸ್ ಅಂತ ಒಂದಿದೆ. ಅಲ್ಲಿ ದೊಡ್ಡ ಅಡುಗೆಮನೆ, ಊಟದ ಹಾಲ್, ಮಕ್ಕಳಿಗೆ ಆಡೋಕೆ ಒಂದು ಕೋಣೆ, ಬಟ್ಟೆ ಒಗೆಯುವ ಮೆಷಿನ್‌ಗಳು, ನೆಂಟರು ಬಂದರೆ ಉಳಿಯಲು ಎರಡು ರೂಮು. ಕಾರುಗಳೆಲ್ಲ ಅಂಚಿನಲ್ಲೇ ನಿಲ್ಲುತ್ತವೆ. ಮನೆಗಳ ನಡುವೆ ಕಾಲುದಾರಿ ಮಾತ್ರ.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎಂಟು ಮನೆಗೆ ಒಂದೇ ನಲ್ಲಿ. ಅಲ್ಲಿ ಪ್ರೀತಿಯೂ ಇತ್ತು, ಜಗಳವೂ ಇತ್ತು. ಆದರೆ ಅಮ್ಮನಿಗೆ ಅಳು ಬಂದರೆ ಯಾರಿಗೂ ಕೇಳದ ಹಾಗೆ ಅಳೋಕೆ ಒಂದು ಮೂಲೆ ಇರಲಿಲ್ಲ. ಅದಕ್ಕೇ ಗಂಡ ಮೊದಲು ಈ ವಿಷಯ ಎತ್ತಿದಾಗ ನನಗೆ ಭಯವೇ ಆಯಿತು. ಇದು ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಪದ್ಧತಿ, 1972ರಲ್ಲೇ ಅಲ್ಲಿ ಸೆಟ್ಟೆಡಾಮೆನ್ ಅನ್ನುವ ಕಡೆ ಜನ ಹೀಗೆ ಇರೋಕೆ ಶುರು ಮಾಡಿದರು ಅಂತ ಅವರು ಓದಿ ಹೇಳುತ್ತಿದ್ದರು. ನನಗೆ ಓದಿದ್ದು ಸಾಲಲಿಲ್ಲ, ಕಣ್ಣಲ್ಲಿ ನೋಡಬೇಕಿತ್ತು. ಒಂದು ಶನಿವಾರ ಡೇವಿಸ್‌ಗೆ ಹೋದೆವು. ಅಲ್ಲಿನ ಮ್ಯೂರ್ ಕಾಮನ್ಸ್ 1991ರದ್ದು, ಕೋಹೌಸಿಂಗ್ ಅಂತಲೇ ಹೊಸದಾಗಿ ಕಟ್ಟಿದ್ದರಲ್ಲಿ ಅಮೆರಿಕಕ್ಕೆ ಅದೇ ಮೊದಲು. ಅದೇ ಊರಿನ ಎನ್ ಸ್ಟ್ರೀಟ್‌ನವರು ಅದಕ್ಕೂ ಮುಂಚೆ, 1986ರಲ್ಲಿ, ಹೊಸದೇನೂ ಕಟ್ಟದೆ ಅಕ್ಕಪಕ್ಕದ ಮನೆಗಳ ನಡುವಿನ ಬೇಲಿ ಕಿತ್ತು ಶುರು ಮಾಡಿದ್ದರು. ಬೇಲಿ ಇಲ್ಲದ ಆ ಹಿತ್ತಲು ನೋಡಿದ ಮೇಲೆ ನನ್ನ ಮನಸ್ಸು ಸ್ವಲ್ಪ ಸಡಿಲ ಆಯಿತು.

ನಮ್ಮಲ್ಲಿ ಪ್ರತಿ ಮನೆಯ ಅಡುಗೆಮನೆ ಕಿಟಕಿ ಕಾಲುದಾರಿಯ ಕಡೆಗಿದೆ. ಪಾತ್ರೆ ತೊಳೆಯುತ್ತಾ ಹೋಗಿಬರುವವರನ್ನು ಮಾತಾಡಿಸಬಹುದು. ಕೂರುವ ಕೋಣೆ ಹಿಂದುಗಡೆ, ಅದರಾಚೆ ಒಂದು ಪುಟ್ಟ ಹಿತ್ತಲು. ಎಲ್ಲೂ ಬರೆದಿಟ್ಟಿಲ್ಲದ ಒಂದು ರೂಢಿ ಇದೆ. ಮುಂದೆ ಜಗಲಿಯಲ್ಲಿ ಕೂತವರನ್ನು ಯಾರು ಬೇಕಾದರೂ ಮಾತಾಡಿಸಬಹುದು. ಹಿತ್ತಲಲ್ಲಿ ಕೂತವರನ್ನು ಅವರ ಪಾಡಿಗೆ ಬಿಡಬೇಕು. ಮೊದಲ ವರ್ಷ ನಾನು ಜಾಸ್ತಿ ಹಿತ್ತಲಲ್ಲೇ ಕೂರುತ್ತಿದ್ದೆ. ಯಾರೂ ಏನೂ ಅಂದುಕೊಳ್ಳಲಿಲ್ಲ. ಹಾಗೆ ಬಿಟ್ಟಿದ್ದರಿಂದಲೇ ನಾನು ನಿಧಾನಕ್ಕೆ ಜಗಲಿಗೆ ಬಂದೆ.

ವಾರಕ್ಕೆ ಎರಡು ರಾತ್ರಿ ಒಟ್ಟಿಗೆ ಊಟ. ತಿಂಗಳಿಗೊಮ್ಮೆ ಪ್ರತಿಯೊಬ್ಬ ದೊಡ್ಡವರೂ ಅಡುಗೆಗೋ ಪಾತ್ರೆಗೋ ಕೈ ಹಾಕಬೇಕು. ಊಟಕ್ಕೆ ಬರಲೇಬೇಕು ಅಂತಿಲ್ಲ. ನನ್ನ ಮೊದಲ ಪಾಳಿಗೆ 42 ಜನ ಹೆಸರು ಬರೆದಿದ್ದರು. ಬಿಸಿಬೇಳೆಭಾತ್ ಅಂತ ತೀರ್ಮಾನ ಮಾಡಿದೆ. ಮೂರು ಕೆ.ಜಿ. ಅಕ್ಕಿ, ಒಂದೂಮುಕ್ಕಾಲು ಕೆ.ಜಿ. ತೊಗರಿಬೇಳೆ, ಐದು ಕೆ.ಜಿ. ತರಕಾರಿ. ಅಷ್ಟು ದೊಡ್ಡ ಕುಕ್ಕರ್ ಇಲ್ಲ, ಹಾಗಾಗಿ ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿದೆ. ಬೇಳೆ ಪೂರ್ತಿ ಕರಗುವವರೆಗೆ ಹುಣಸೆರಸ ಹತ್ತಿರಕ್ಕೂ ತರಲಿಲ್ಲ. ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ ಅಲ್ವಾ? ಐದೂವರೆಗೆ ಹದವಾಗಿದ್ದ ಭಾತ್ ಆರೂವರೆಗೆ ಬಡಿಸುವಾಗ ಸೌಟು ನಿಲ್ಲುವಷ್ಟು ಗಟ್ಟಿಯಾಗಿತ್ತು. ಕುದಿಯುವ ನೀರು ಹಾಕಿ ಹಾಕಿ ಸರಿ ಮಾಡಿದೆವು. ಈಗ ಒಂದು ಪಾತ್ರೆ ಬಿಸಿನೀರು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಅವತ್ತು ಕಲಿತ ದೊಡ್ಡ ಪಾಠ ಇಂಗಿನದು. ಬಳಸಿದ ಪ್ರತಿ ಡಬ್ಬಿ, ಪೊಟ್ಟಣವನ್ನೂ ಬಡಿಸುವ ಮೇಜಿನ ಮೇಲೆ ಇಡಬೇಕು ಅನ್ನೋದು ನಮ್ಮ ನಿಯಮ. ಪಕ್ಕದ ಮನೆಯ ಒಬ್ಬರಿಗೆ ಗೋಧಿ ಸ್ವಲ್ಪ ಹೊಟ್ಟೆಗೆ ಹೋದರೂ ಕಾಯಿಲೆ ಬೀಳುತ್ತಾರೆ. ಅಕ್ಕಿ, ಬೇಳೆ, ಇದರಲ್ಲಿ ಗೋಧಿ ಎಲ್ಲಿಂದ ಬರಬೇಕು ಅಂತ ನಾನು ನಿಶ್ಚಿಂತೆಯಾಗಿದ್ದೆ. ಅವರು ಇಂಗಿನ ಪುಟ್ಟ ಡಬ್ಬಿ ತಿರುಗಿಸಿ ಓದಿ, ಮೆಲ್ಲಗೆ ನನ್ನ ಕೈಗೆ ಕೊಟ್ಟರು. ಇಂಗಿನ ಪುಡಿಗೆ ಗೋಧಿಹಿಟ್ಟು ಬೆರೆಸಿದ್ದರು. ಹುಟ್ಟಿದಾಗಿನಿಂದ ನೋಡಿದ ಡಬ್ಬಿ, ಒಂದು ದಿನವೂ ಓದಿರಲಿಲ್ಲ. ಅವರು ತಟ್ಟೆ ವಾಪಸ್ ಇಟ್ಟು ಮನೆಗೆ ಹೋಗಿ, ತಮ್ಮ ಊಟ ತಂದು ನನ್ನ ಪಕ್ಕದಲ್ಲೇ ಕೂತು ತಿಂದರು. ನನಗೆ ತುಂಬಾ ಸಂಕಟವಾಯಿತು. ಮುಂದಿನ ವಾರವೇ ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿ ತಂದೆ. ಈಗ ಕಾಮನ್ ಹೌಸಿನ ಕಪಾಟಿನಲ್ಲಿ ಅದೊಂದೇ ಇಂಗು.

ಮೀಟಿಂಗ್‌ಗಳು ಮಾತ್ರ ನಿಜಕ್ಕೂ ಕಷ್ಟ. ವೋಟು ಹಾಕಿ ಮುಗಿಸುವುದಿಲ್ಲ, ಎಲ್ಲರೂ ಒಪ್ಪುವವರೆಗೆ ಮಾತಾಡುತ್ತೇವೆ. ಹಸಿರು ಕಾರ್ಡ್ ಅಂದರೆ ಒಪ್ಪಿಗೆ, ಹಳದಿ ಅಂದರೆ ಪ್ರಶ್ನೆ ಇದೆ, ಕೆಂಪು ಅಂದರೆ ಬೇಡ. ಊಟಕ್ಕೆ ಬಾರದವರೂ ಅಡುಗೆ ಪಾಳಿ ಮಾಡಬೇಕಾ ಅನ್ನುವ ಒಂದೇ ವಿಷಯ ಐದು ತಿಂಗಳು ಎಳೆಯಿತು. ಚಿಕ್ಕ ಮಗು ಇದ್ದ ಒಂದು ಮನೆಯವರು ಸುಸ್ತಾಗಿ ಹೋಗಿದ್ದರು. ಕೊನೆಗೆ ಅಡುಗೆ ಬೇಡ ಅನ್ನುವವರು ಅಷ್ಟೇ ಹೊತ್ತು ತೋಟದಲ್ಲೋ ರಿಪೇರಿಯಲ್ಲೋ ಕೆಲಸ ಮಾಡಲಿ ಅಂತ ಆಯಿತು. ಮಗುವಿಗೆ ವರ್ಷ ತುಂಬುವವರೆಗೆ ಯಾವ ಪಾಳಿಯೂ ಇಲ್ಲ ಅಂತಲೂ ಸೇರಿಸಿದೆವು. ವೋಟು ಹಾಕಿದ್ದರೆ ಆ ಎರಡನೇ ಮಾತು ಬರುತ್ತಲೇ ಇರಲಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ಇಂಥ ಕಡೆ ಮನೆ ತಗೊಳ್ಳಬೇಕು ಅಂತ ಯೋಚಿಸುವವರು ನನ್ನನ್ನು ಕೇಳುತ್ತಿರುತ್ತಾರೆ. ಸುಮ್ನೆ ಮನೆ ನೋಡಿ ಬರಬೇಡಿ. ಒಂದು ಮೀಟಿಂಗ್‌ನಲ್ಲಿ ಕೂತು ಬನ್ನಿ. ಒಟ್ಟಿಗೆ ಊಟ ಇರುವ ದಿನ ಹೋಗಿ, ಊಟ ಆದಮೇಲೆ ಪಾತ್ರೆ ತೊಳೆಯುವವರ ಜೊತೆ ಅರ್ಧ ಗಂಟೆ ನಿಂತುಕೊಳ್ಳಿ. ಒಂದು ಬಟ್ಟೆ ತಗೊಂಡು ಒರೆಸಿ. ಆಗ ಅವರು ಏನೇನು ಮಾತಾಡಿಕೊಳ್ಳುತ್ತಾರೆ ಅಂತ ಕೇಳಿಸಿಕೊಳ್ಳಿ.